ಬಸಿರಲ್ಲದ ವಾಂತಿ

1979ರಲ್ಲಿ ನಾನು ಗುಬ್ಬಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೆಡಿಕಲ್ ಆಫೀಸರ್ ಆಗಿದ್ದೆ. ಒಂದು ಬೆಳಿಗ್ಗೆ ತೋಟದ ಮನೆಯ ಗಂಗಮ್ಮ ತಮ್ಮ ಸೊಸೆ ಸರೋಜಳನ್ನು ಕರೆತಂದರು. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಸೊಸೆಗೆ ಬೆಳಗಿನ ವಾಂತಿ ಶುರುವಾಗಿತ್ತು. ಮನೆಯಲ್ಲಿ ಹಬ್ಬವೋ ಹಬ್ಬ. ವಾಂತಿ ನಿಲ್ಲಲು ಒಂದು ಮಾತ್ರೆ ಕೊಟ್ಟರೆ ಸಾಕು ಎಂದರು.

ಸೊಸೆಯನ್ನು ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಡುತ್ತಿದ್ದರು. ನನಗೆ ಮೊದಲಿನಿಂದಲೂ ಅದು ಆಗಿಬರದು. ಆದರೆ ಅವರ ಮಾತಿನಲ್ಲೇ ಒಂದು ಎಳೆ ಸಿಕ್ಕಿತು. ಹೊಟ್ಟೆ ತೊಳಸುವುದಿಲ್ಲವಂತೆ; ಏಳುತ್ತಲೇ ತಲೆನೋವು, ಹಿಂದೆಯೇ ರಪ್ಪನೆ ವಾಂತಿ. ಕಾಫಿ ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಸುರಿಯುತ್ತಾಳಂತೆ. ಬಸಿರಿನ ಮಂಪರು ಎಂದು ಗಂಗಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಅವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ.

ಕೊನೆಯ ಸಲ ಮುಟ್ಟಾಗಿದ್ದು ಯಾವಾಗ ಎಂದು ಕೇಳಿದ್ದೇ ತಡ, ಸರೋಜ ಅಳತೊಡಗಿದಳು.

"ಹೋದ್ ವಾರ ಆದೆ ಡಾಕ್ಟ್ರಮ್ಮ. ಎಲ್ರೂ ಅಷ್ಟ್ ಖುಷಿಯಾಗವ್ರೆ, ಹೆಂಗ್ ಹೇಳ್ಲಿ?"

ಮುಟ್ಟಾದವರು ಮೂರು ದಿನ ಹೊರಗೆ ಕೂರುವ ಮನೆ ಅದು. ಈಕೆ ಬಾಯಿಬಿಡದೆ ಒಲೆಯ ಮುಂದೆಯೇ ಇದ್ದಳು. ಆ ಪಾಪಕ್ಕೇ ತಲೆನೋವು ಜಾಸ್ತಿಯಾಯಿತೆಂದು ನಂಬಿದ್ದಳು.

ಆಫ್ತಾಲ್ಮೊಸ್ಕೋಪ್ ಹಿಡಿದು ಅವಳ ಕಣ್ಣಿನೊಳಗೆ ನೋಡಿದೆ. ನರ ಕಣ್ಣನ್ನು ಸೇರುವ ಜಾಗದ ಅಂಚು ಸ್ಪಷ್ಟವಾಗಿರಬೇಕು. ಇಲ್ಲಿ ಊದಿಕೊಂಡು ಅಂಚೇ ಅಳಿಸಿಹೋಗಿತ್ತು. ಪ್ಯಾಪಿಲೆಡಿಮಾ ಎನ್ನುವ ಈ ಊತ, ತಲೆಬುರುಡೆಯೊಳಗೆ ಒತ್ತಡ ಏರಿದೆ ಎಂಬುದರ ಗುರುತು. ಮಿದುಳಿನಲ್ಲಿ ಗಡ್ಡೆ ಇರಬಹುದು. ತಡವಾದರೆ ದೃಷ್ಟಿ ಹೋಗುತ್ತದೆ, ಇನ್ನೂ ತಡವಾದರೆ ಪ್ರಾಣ.

ಸರೋಜಳ ಒಪ್ಪಿಗೆ ಪಡೆದು ಅತ್ತೆಗೆ ಎಲ್ಲ ಹೇಳಿದೆ. ಸಿಟ್ಟಿನಲ್ಲಿ ಮನೆಗೆ ಕರೆದೊಯ್ದರೆ ಹುಡುಗಿಯ ಕಥೆ ಮುಗಿಯಿತು ಎಂದು ನನಗೆ ಹೆದರಿಕೆ. ಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

"ಕೂಸಿನ್ ಮಾತು ಬುಡಿ. ಗಾಡಿ ತರ್ಸಿ."

ಊತ ಇಳಿಸುವ ಇಂಜೆಕ್ಷನ್ ಕೊಟ್ಟು, ತಲೆ ಎತ್ತರಿಸಿ ಮಲಗಿಸಿ, ಜೀಪಿನಲ್ಲಿ ಬೆಂಗಳೂರಿಗೆ ಹೊರಟೆವು. ತುಮಕೂರು ದಾಟುವಾಗ ಅವಳ ನಾಡಿ ನಿಧಾನವಾಗತೊಡಗಿತು. ಒತ್ತಡ ಇನ್ನೂ ಏರುತ್ತಿದ್ದರೆ ಹೀಗಾಗುತ್ತದೆ. ನಿದ್ದೆ ಬರುತ್ತಿದೆ ಎಂದಳು. ಮಲಗಲಿ ಬಿಡಿ ಎಂದ ಗಂಗಮ್ಮನಿಗೆ, ಮಾತಾಡಿಸುತ್ತಲೇ ಇರಿ, ಉತ್ತರ ನಿಂತರೆ ನನಗೆ ಆ ಕ್ಷಣವೇ ಗೊತ್ತಾಗಬೇಕು ಎಂದೆ. ದಾರಿಯುದ್ದಕ್ಕೂ ಅತ್ತೆ ಒಂದೊಂದೇ ಪ್ರಶ್ನೆ ಕೇಳಿ ಕಾಯುತ್ತಿದ್ದರು. ಸೊಸೆ ತೊದಲುತ್ತ ಉತ್ತರಿಸುತ್ತಿದ್ದಳು. ನಾನು ನಾಡಿ ಬಿಡದೆ ಎಣಿಸುತ್ತಿದ್ದೆ.

ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಡ್ಡೆ ಕ್ಯಾನ್ಸರ್ ಆಗಿರಲಿಲ್ಲ. ಎಡಗಣ್ಣು ಮಸುಕಾಗಿಯೇ ಉಳಿಯಿತು, ಜೀವ ಉಳಿಯಿತು.

ನಾನು ನೋಡಲು ಹೋದಾಗ ಗಂಗಮ್ಮ ಸೊಸೆಗೆ ಗಂಜಿ ಕುಡಿಸುತ್ತಿದ್ದರು. ಮುಚ್ಚಿಟ್ಟಿದ್ದು ತಪ್ಪಾಯಿತು ಅತ್ತೆ ಎಂದು ಸರೋಜ ಕಣ್ಣೀರು ಹಾಕಿದಳು.

"ನಿನ್ ತಪ್ಪಲ್ಲ ಕಣವ್ವ," ಎಂದರು ಗಂಗಮ್ಮ. "ನಾನೆಲ್ಲಿ ಕೇಳ್ದೆ ನಿನ್ನ?"

ಆಮೇಲೆ ಸರ್ವಿಸ್ ಮುಗಿಯುವವರೆಗೂ ರೋಗಿಯನ್ನು ಒಬ್ಬಳನ್ನೇ ಕೂರಿಸಿ ಕೇಳದೆ ನಾನು ಔಷಧಿ ಚೀಟಿ ಬರೆಯಲಿಲ್ಲ.