ನಾಲ್ಕನೆಯ ಶಂಖ

ಎಪ್ಪತ್ತೊಂದರ ಯುದ್ಧ ಮುಗಿಸಿ ನೀಲಪ್ಪ ಸಿರಸಂಗಿಗೆ ಬಂದಾಗ ಟ್ರಂಕಿನಲ್ಲಿ ಏನಿದ್ದವು ಅಂತೀರಿ? ಕಚ್ಛದ ಗುಡ್ಡದಲ್ಲಿ ಆಯ್ದ ಒಂಬತ್ತು ಶಂಖ. ಊದುವ ಶಂಖವಲ್ಲ, ಯಾವುದೋ ಕಾಲಕ್ಕೆ ಸಮುದ್ರದಲ್ಲಿದ್ದು ಕಲ್ಲಾಗಿ ಹೋದ ಹುಳದ ಚಿಪ್ಪು. ಟ್ರಂಕಿಗೆ ಹೆಸರು ಬರೆದ ಬಿಳಿ ಬಣ್ಣದಲ್ಲೇ ಅವಕ್ಕೆಲ್ಲ ಅಂಕಿ ಹಾಕಿದ್ದ. ಮುಂದೊಮ್ಮೆ ತೆಗೆದು ನೋಡಿದರೆ ನಾಲ್ಕನೆಯದು ಇರಲಿಲ್ಲ. ರೈಲಿನಲ್ಲಿ ಬಿದ್ದಿರಬೇಕೆಂದು ರೈಲಿಗೇ ಬೈದು ಸುಮ್ಮನಾದ.

ಮರುವರ್ಷ ಹೊಲದಲ್ಲಿ ಬಾವಿ ತೋಡಿದರು. ನೀಲಪ್ಪನ ಗುದ್ದಲಿಗೆ ಕೆಸರು ಮೆತ್ತಿದ ಶಂಖವೊಂದು ಸಿಕ್ಕಿತು. ಮೇಲೆ ನಿಂತಿದ್ದ ಅಣ್ಣ ಜಟ್ಟೆಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಷ್ಟರಲ್ಲೇ ಅದೇ ಜಾಗದಲ್ಲಿ ನೀರು ಚಿಮ್ಮಿತು, ಅಣ್ಣನ ನಗು ನಿಂತಿತು. ಅತ್ತಿಗೆ ಬಾಯವ್ವ, ನೀರಿನ ದೇವಿ ಗಂಗವ್ವನೇ ಬಂದಳೆಂದು ಆ ಶಂಖಕ್ಕೆ ಅರಿಸಿನ ಬಳಿದು, ಕುಂಕುಮ ಹಚ್ಚಿ, ದೇವರ ಜಗಲಿಗೇರಿಸಿದಳು. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ.

ನೀಲಪ್ಪ ಮಾತ್ರ ನಮ್ಮ ಹೊಲದಡಿ ಸಮುದ್ರವಿತ್ತೆಂದು ಸವದತ್ತಿಯ ಬಸ್‌ಸ್ಟ್ಯಾಂಡಿನ ತನಕ ಹೇಳಿಕೊಂಡು ಬಂದ. ಪಕ್ಕದ ಹೊಲದ ಮಲಕಾಜಪ್ಪ ಎದುರಿಗೇ ನಗುತ್ತಿದ್ದ. ಈ ಮಾತು ಬಂದಾಗಲೆಲ್ಲ ಅಣ್ಣ ಎತ್ತು ನೋಡಲು ಎದ್ದು ಹೋಗುತ್ತಿದ್ದ. ಹಾಗೇ ಮೂರು ವರ್ಷ ಕಳೆದು ಅಣ್ಣ ತೀರಿಕೊಂಡ.

ಎಪ್ಪತ್ತಾರರಲ್ಲಿ ಈ ಸುದ್ದಿ ಕೇಳಿ ಧಾರವಾಡದಿಂದ ಕಲ್ಲಿನ ಶಾಸ್ತ್ರ ಕಲಿಸುವ ಮಾಸ್ತರರೊಬ್ಬರು ಬಂದರು. ನೀಲಪ್ಪ ಬೇಕೆಂದೇ ಮಲಕಾಜಪ್ಪನನ್ನೂ ಕರೆಸಿ ಪಡಸಾಲೆಯಲ್ಲಿ ಕೂರಿಸಿದ. ಇವತ್ತು ತನ್ನ ಮಾತು ಉಳಿಯಬೇಕು, ಇಲ್ಲವೇ ಮುಖ ಮುಚ್ಚಿಕೊಂಡು ತಿರುಗಬೇಕು. ಮಾಸ್ತರರು ಟ್ರಂಕಿನ ಎಂಟನ್ನೂ ತಿರುವಿ ನೋಡಿ, ಕಚ್ಛದವು, ಅನುಮಾನವೇ ಇಲ್ಲ ಎಂದರು. ನೀಲಪ್ಪ ಸ್ನಾನ ಮಾಡಿ, ಅತ್ತಿಗೆಯನ್ನು ಕಾಡಿ ಬೇಡಿ ಬಾವಿಯಲ್ಲಿ ಸಿಕ್ಕಿದ್ದನ್ನು ಕೇಳಿದ. ಮಾಸ್ತರರನ್ನು ದೇವರ ಜಗಲಿಯ ಹತ್ತಿರವೇ ಕರೆದು ಅವಳು ಅದನ್ನು ಕೊಟ್ಟಳು. ಅವರು ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸುತ್ತ ಹೋದರು. ಅರಿಸಿನದ ಕೆಳಗೆ ಬಿಳಿ ಬಣ್ಣ ಕಂಡಿತು. ನಾಲ್ಕು. ನೀಲಪ್ಪನದೇ ಅಕ್ಷರ.

ಮಾಸ್ತರರು ಅದನ್ನು ಅತ್ತಿಗೆಯ ಕೈಗಿತ್ತು ಕೈ ತೊಳೆಯಲು ಹೋದರು. ನೀಲಪ್ಪ ಅಲ್ಲೇ ನೆಲಕ್ಕೆ ಕೂತ. ಅಣ್ಣನೇ ಟ್ರಂಕಿನಿಂದ ತೆಗೆದು ಬಾವಿಯ ಕೆಸರಲ್ಲಿ ಹುಗಿದು ಚಾಷ್ಟಿ ಮಾಡಿದ್ದನೇ? ಮಾಡಿದವನು ಹೇಳಬಾರದಿತ್ತೇ? ಹೇಗೆ ಹೇಳಿಯಾನು, ನೀರು ಬಂದುಬಿಟ್ಟಿತ್ತಲ್ಲ! ಸತ್ತವನ ಮೇಲೆ ಸಿಟ್ಟು ಮಾಡುವುದೋ, ನಗುವುದೋ ಒಂದೂ ತಿಳಿಯಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂತು.

ಅತ್ತಿಗೆಗೆ ಅಂಕಿ ಓದಲು ಬಾರದು. ಅವನ ಮುಖ ನೋಡಿ ಮೆಲ್ಲಗೆ ಹೇಳಿದಳು: "ನಿಮ್ಮಣ್ಣ ಎರಡ ಸಲ ಇದನ್ನ ಬಾವ್ಯಾಗ ಒಗ್ಯಾಕ ಹೊಂಟಿದ್ದ ನೀಲಪ್ಪ. ನಾನ ಕೈ ಹಿಡದೆ. ಯಾಕಂತ ಕೇಳಿದ್ರ ಬಾಯಿ ಬಿಡಲಿಲ್ಲ. ಈಗ ಇದನ್ನ ಎಲ್ಲಿ ಇಡಲಿ?"

ಟ್ರಂಕಿನಲ್ಲಿ ಇಡಬೇಕೋ, ಜಗಲಿಯ ಮೇಲೋ? ನೀಲಪ್ಪ ಶಂಖವನ್ನೂ ಅವಳನ್ನೂ ನೋಡಿದ. "ಎಲ್ಲಿತ್ತೋ ಅಲ್ಲೇ ಇಡು" ಎಂದ.

ಪಡಸಾಲೆಗೆ ಬಂದರೆ ಮಲಕಾಜಪ್ಪ ಚಹಾ ಕುಡಿಯುತ್ತ ಕಾದಿದ್ದ. "ಏನಂದ್ರು ಮಾಸ್ತರು? ಸಮುದ್ರ ಇತ್ತಂತೇನು?"

"ನೀ ಕುಂಡ್ರು" ಎಂದ ನೀಲಪ್ಪ. "ನಾ ಎತ್ತು ನೋಡಿ ಬರತೇನಿ."