ಹತ್ತರಿಂದ ಮೂರರವರೆಗೆ

ಇಪ್ಪತ್ತಮೂರು ವರ್ಷಗಳಿಂದ ಅವಳು ಸುತ್ತಲಿನ ಏಳು ಊರುಗಳ ಹವಾಮಾನ ಮುನ್ಸೂಚನೆ ಬರೆಯುತ್ತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ರೇಡಿಯೋದವರು ಅದನ್ನು ಓದುತ್ತಿದ್ದರು. ಆ ಮುನ್ಸೂಚನೆ ಸುಳ್ಳಾಗಿದ್ದು ಒಂದೇ ಸಲ, ಕೆಲಸಕ್ಕೆ ಸೇರಿದ ವರ್ಷ. ‘ದಿನವಿಡೀ ಬಿಸಿಲು’ ಎಂದು ಧೈರ್ಯವಾಗಿ ಬರೆದ ದಿನವೇ ಮಳೆ ಧೋ ಎಂದು ಸುರಿದು, ಶಾಲೆಯ ಓಟದ ಪಂದ್ಯ ಕೆಸರಿನ ಪಾಲಾಗಿ, ಅವಳ ಸ್ವಂತ ತಮ್ಮನೇ ಜಾರಿ ಬಿದ್ದು ಕೈ ಮುರಿದುಕೊಂಡ. ಅಂದಿನಿಂದ ಅವಳು ಬುದ್ಧಿ ಕಲಿತಳು. ಬಹುಶಃ ಅಲ್ಲಲ್ಲಿ ಮಳೆ, ಬಹುಶಃ ಆಗಾಗ ಬಿಸಿಲು. ಹೀಗೆ ಬರೆದರೆ ಯಾರೂ ಬೆರಳು ತೋರಿಸುವಂತಿಲ್ಲ. ಊರಿನವರು ‘ಬಹುಶಃ ಮೇಡಂ’ ಎಂದು ಹೆಸರಿಟ್ಟರು. ತರಕಾರಿಯವನಂತೂ ತಕ್ಕಡಿ ಎತ್ತಿ ಹಿಡಿದು, “ಬಹುಶಃ ಒಂದು ಕೇಜಿ ಮೇಡಂ” ಎಂದು ಹಲ್ಲು ಕಿರಿಯುತ್ತಿದ್ದ. ಅವಳು ನಕ್ಕು ಚೀಲ ಒಡ್ಡುತ್ತಿದ್ದಳು. ಒಳಗೊಳಗೇ ಚುಚ್ಚುತ್ತಿತ್ತು.

ಆ ವರ್ಷ ಮಳೆಗಾಲ ಮುಗಿದರೂ ಮಳೆ ಕಾಲು ಕೀಳಲಿಲ್ಲ. ಶರತ್ಕಾಲ ಕಾಲಿಟ್ಟು ಒಂಬತ್ತು ದಿನವಾಗಿತ್ತು, ಒಂಬತ್ತು ದಿನವೂ ಒಂದೇ ಕಣ್ಣಾಮುಚ್ಚಾಲೆ. ಬಿಸಿಲು ಬಂತೆಂದು ಬಟ್ಟೆ ಹರವಿ ಒಳಗೆ ಬರುವಷ್ಟರಲ್ಲಿ ಹನಿ, ಬಟ್ಟೆ ಬಾಚಿಕೊಂಡು ತಂದರೆ ಮತ್ತೆ ಬಿಸಿಲು.

ಇದರಲ್ಲಿ ಸಿಕ್ಕಿ ಒದ್ದಾಡುತ್ತಿದ್ದವನು ಅದೇ ತಮ್ಮ. ಅವನೀಗ ಚಾವಣಿ ಮೇಸ್ತ್ರಿ. ಆಸ್ಪತ್ರೆಯ ಮಕ್ಕಳ ವಾರ್ಡಿನ ತುಕ್ಕು ಹಿಡಿದ ತಗಡು ಕಿತ್ತು ಹೊಸದು ಹೊದಿಸಬೇಕಿತ್ತು. ವಾರ್ಡಿನಲ್ಲಿ ಹನ್ನೊಂದು ಕಡೆ ಸೋರಿಕೆ, ಹನ್ನೊಂದು ಬಕೆಟ್. ಮಕ್ಕಳ ಮಂಚಗಳೆಲ್ಲ ಕಾರಿಡಾರಿನಲ್ಲಿ. ಚಾವಣಿ ಬಿಚ್ಚಿ ಮುಚ್ಚಲು ಐದು ಗಂಟೆ ಒಣ ಹವೆ ಬೇಕು. ಬಿಚ್ಚಿದ ಮೇಲೆ ಮಳೆ ಬಂದರೆ ವೈರು, ಯಂತ್ರ ಎಲ್ಲ ನೀರುಪಾಲು, ವಾರ್ಡಿಗೆ ತಿಂಗಳುಗಟ್ಟಲೆ ಬೀಗ. ಬಿಚ್ಚದೆ ಕೂತರೂ ಸುಖವಿಲ್ಲ. ಇವತ್ತು ಕೆಲಸ ಆಗದಿದ್ದರೆ ನಾಳೆ ಮಕ್ಕಳನ್ನು ಎಪ್ಪತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಸಾಗಿಸುವುದೆಂದು ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ದರು.

ಏಳೂಕಾಲಿಗೆ ಅವಳು ಹವಾಮಾನ ಕಚೇರಿಯಲ್ಲಿದ್ದಾಗ ತಮ್ಮನ ಫೋನು ಬಂತು.

“ಅಕ್ಕಾ, ಹತ್ತು ಜನ ಏಣಿ ಹಾಕ್ಕೊಂಡು ನಿಂತಿದಾರೆ. ಬಿಚ್ಲಾ, ಬೇಡ್ವಾ?”

“ಬಹುಶಃ ಮಧ್ಯಾಹ್ನದ ಹೊತ್ತಿಗೆ...”

“ನಿನ್ನ ಬಹುಶಃನ ಮಕ್ಕಳ ತಲೆ ಮೇಲೆ ಹೊದಿಸೋಕಾಗಲ್ಲ ಕಣೇ. ಹೂಂ ಅನ್ನು, ಇಲ್ಲಾ ಉಹೂಂ ಅನ್ನು.”

ಅವಳು ಒಂದು ಗಂಟೆ ಸಮಯ ಕೇಳಿ ಫೋನಿಟ್ಟಳು. ಮೇಜಿನ ಮೇಲಿನ ಲೆಕ್ಕ ನೋಡಿದಷ್ಟೂ ತಲೆ ಕೆಡುತ್ತಿತ್ತು. ವಾಯುಭಾರ ಏರುತ್ತಿದೆ, ಗಾಳಿ ಉತ್ತರಕ್ಕೆ ತಿರುಗಿದೆ. ಎರಡೂ ಮಳೆ ಇಲ್ಲ ಎನ್ನುತ್ತಿವೆ. ಆದರೆ ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆಯಿದೆಯಲ್ಲ, ಸುತ್ತ ಪಟ್ಟಿ ಪಟ್ಟಿ ಕಿಂಡಿಗಳಿರುವಂಥದ್ದು, ಅದರೊಳಗಿನ ಥರ್ಮಾಮೀಟರುಗಳು ಮಾತ್ರ ಗಾಳಿಯ ತುಂಬ ತೇವವಿದೆ, ಮಧ್ಯಾಹ್ನಕ್ಕೇ ಮಳೆ ಎನ್ನುತ್ತಿವೆ. ನಾಲ್ಕು ದಿನದಿಂದ ಅವು ಹೇಳುತ್ತಿರುವುದು ಮಧ್ಯಾಹ್ನ, ದೊಡ್ಡ ಮಳೆ ಬರುತ್ತಿರುವುದು ಸಂಜೆ. ಮೂವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ.

ಪೆಟ್ಟಿಗೆ ತೆರೆಯುವುದು ಗಂಟೆ ಪ್ರಕಾರ, ಏಳಕ್ಕೊಮ್ಮೆ, ಎರಡಕ್ಕೊಮ್ಮೆ. ಇಷ್ಟು ವರ್ಷದಲ್ಲಿ ಅವಳು ಆ ನಿಯಮ ಮೀರಿದವಳಲ್ಲ. ಅಂದು ಚಪ್ಪಲಿಯನ್ನೂ ಮೆಟ್ಟದೆ ಹೊರಗೋಡಿ, ಏಳೂವರೆಗೆ ಅದರ ಬಾಗಿಲು ತೆರೆದಳು.

ಒಳಗೆ ಥರ್ಮಾಮೀಟರುಗಳ ನಡುವೆ ಎರಡು ಜೊತೆ ಬೂದು ಬಣ್ಣದ ಕಾಲುಚೀಲ ನೇತಾಡುತ್ತಿದ್ದವು.

ಕಾವಲುಗಾರ ಟೀ ಲೋಟ ಹಿಡಿದೇ ಓಡಿ ಬಂದ. ಕಚೇರಿಯಲ್ಲಿ ಅವಳನ್ನು ಬಿಟ್ಟರೆ ಇದ್ದವನು ಅವನೊಬ್ಬನೇ, ತೀರಾ ಸಂಭಾವಿತ.

“ಇದೇನ್ರೀ ಇದು?”

“ಕಾಲುಚೀಲ ಮೇಡಂ.”

“ಅದು ಕಾಣ್ತಿದೆ. ಇಲ್ಲಿ ಯಾಕಿದೆ?”

“ಈ ಪೆಟ್ಟಿಗೇಲಿ ಗಾಳಿ ಆಡುತ್ತೆ, ಮಳೆ ಬೀಳಲ್ಲ. ಇಡೀ ಕಾಂಪೌಂಡಲ್ಲಿ ಬಟ್ಟೆ ಒಣಗ್ಸೋಕೆ ಇಂಥ ಜಾಗ ಇನ್ನೊಂದಿಲ್ಲ.” ಅವನು ತಲೆ ತಗ್ಗಿಸಿದ. “ನಾಲ್ಕು ದಿನ ಆಯ್ತು. ನೀವು ನೋಡೋಕೆ ಬರೋ ಐದು ನಿಮಿಷ ಮುಂಚೆ ತಪ್ಪದೇ ತೆಗೆದಿಡ್ತೀನಿ. ಕೆಲಸಕ್ಕೆ ತೊಂದರೆ ಆಗಬಾರದಲ್ವಾ?”

ಏಳು ಊರುಗಳ ಹವಾಮಾನ ನಾಲ್ಕು ದಿನದಿಂದ ಈ ಮಹಾಶಯನ ಕಾಲುಚೀಲದ ಮೇಲೆ ನಿಂತಿತ್ತು. ಬೈಯಬೇಕೆಂದು ಬಾಯಿ ತೆರೆದಳು, ನಗು ಬಂತು, ನಗುವಿಗೂ ಪುರುಸೊತ್ತಿರಲಿಲ್ಲ. ಒದ್ದೆ ಕಾಲುಚೀಲಗಳನ್ನು ಅವನ ಕೈಗೆ ತುರುಕಿ, ತೇವ ಕುಡಿದಿದ್ದ ಪೆಟ್ಟಿಗೆಯ ಗೋಡೆಗಳನ್ನು ಸೆರಗಿನಿಂದಲೇ ಒರೆಸಿ ಕಾದಳು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಗಾಳಿ ಒಣಗಿದಷ್ಟೂ ಕೆಳಗಿಳಿಯುವ ಒದ್ದೆ ಬತ್ತಿಯ ಥರ್ಮಾಮೀಟರಿನ ಪಾದರಸ ಇಳಿಯತೊಡಗಿತು. ಅರ್ಧ ಡಿಗ್ರಿ, ಒಂದು, ಎರಡು, ನಾಲ್ಕು. ಗಾಳಿ ಒಣಗಿತ್ತು. ಪಶ್ಚಿಮದ ಊರಿನ ವೀಕ್ಷಕನಿಗೆ ಫೋನು ಹಚ್ಚಿ ಮೋಡ ಎಲ್ಲಿಗೆ ಬಂದಿದೆ, ಎಷ್ಟು ವೇಗ ಎಂದು ಕೇಳಿಕೊಂಡು ಲೆಕ್ಕ ಹಾಕಿದಳು. ಇನ್ನೊಮ್ಮೆ ಹಾಕಿದಳು. ಅದೇ ಉತ್ತರ ಬಂತು.

“ಬಿಚ್ಚು,” ಎಂದಳು ತಮ್ಮನಿಗೆ. “ಹತ್ತರಿಂದ ಮೂರರವರೆಗೆ ಮಳೆ ಇಲ್ಲ. ಮೂರಾದ್ಮೇಲೆ ಬರುತ್ತೆ.”

“ಅಕ್ಕಾ, ನೀನೇನಾ ಮಾತಾಡ್ತಿರೋದು?”

“ನಾನೇ. ಫೋನಿಟ್ಟು ಏಣಿ ಹತ್ತು.”

ರೇಡಿಯೋಗೂ ಅದನ್ನೇ ಕಳಿಸಿದಳು. ಎರಡು ನಿಮಿಷಕ್ಕೆ ಅಲ್ಲಿಂದ ಫೋನು. “ಮೇಡಂ, ಇದರಲ್ಲಿ ಒಂದು ಪದ ಬಿಟ್ಟುಹೋಗಿದೆ ಅನ್ಸುತ್ತೆ.”

“ಬಿಟ್ಟುಹೋಗಿಲ್ಲ. ನಾನೇ ಬಿಟ್ಟಿದೀನಿ.”

ಹತ್ತಕ್ಕೆ ಅವಳು ದುರ್ಬೀನು ಹಿಡಿದು ತಾರಸಿ ಹತ್ತಿದಳು. ಕಚೇರಿ ಇದ್ದದ್ದು ದಿಬ್ಬದ ಮೇಲೆ, ಆಸ್ಪತ್ರೆ ಇಳಿಜಾರಿನ ಕೆಳಗೆ. ತುಕ್ಕು ತಗಡುಗಳು ಒಂದೊಂದಾಗಿ ಕೆಳಗಿಳಿದವು. ಹನ್ನೆರಡಕ್ಕೆ ವಾರ್ಡು ಪೂರ್ತಿ ಬಾಯಿ ತೆರೆದು ಆಕಾಶಕ್ಕೆ ಮುಖ ಮಾಡಿತ್ತು. ಒಂದೂವರೆಗೆ ಪಶ್ಚಿಮದಲ್ಲಿ ಕಪ್ಪು ಮೋಡ ತಲೆ ಎತ್ತಿತು. ಕಾವಲುಗಾರನೂ ಮೇಲೆ ಬಂದು ನಿಂತ. ತಮ್ಮನ ಕೆಂಪು ಹೆಲ್ಮೆಟ್ಟು ಜಂತಿಯಿಂದ ಜಂತಿಗೆ ಓಡಾಡುತ್ತಿತ್ತು. ಎರಡಕ್ಕೆ ಅರ್ಧ ಮುಚ್ಚಿತ್ತು. ಎರಡೂ ಇಪ್ಪತ್ತಕ್ಕೆ ಬಿಸಿಲು ಮಾಯವಾಗಿ ಆಸ್ಪತ್ರೆಯ ಅಂಗಳಕ್ಕೆಲ್ಲ ನೆರಳು ಕವಿಯಿತು. ಚಾವಣಿಯ ಮೇಲಿದ್ದವರು ಕೆಲಸ ನಿಲ್ಲಿಸಿ ಮೇಲೆ ನೋಡಿದರು.

“ನಿಲ್ಲಬೇಡ್ರೋ,” ಎಂದಳು ಅವಳು, ಅವರಿಗೆ ಕೇಳಿಸುವುದೆಂಬಂತೆ. “ಇನ್ನೂ ನಲವತ್ತು ನಿಮಿಷ ಇದೆ.”

ಎರಡೂ ಐವತ್ತಕ್ಕೆ ಕೊನೆಯ ತಗಡು ಕೂತಿತು. ಕೆಂಪು ಹೆಲ್ಮೆಟ್ಟು ಅದರ ಮೇಲೆ ಮಂಡಿಯೂರಿ ಮೊಳೆ ಬಿಗಿದು, ಏಣಿ ಇಳಿದು ಒಳಗೆ ಹೋಯಿತು. ಮೂರೂ ಏಳಕ್ಕೆ ಮೊದಲ ಹನಿ ಅವಳ ಮೂಗಿನ ಮೇಲೆ ಬಿತ್ತು. ಹಿಂದೆಯೇ ಮಳೆ ಬಂತು, ಒಂಬತ್ತು ದಿನದಲ್ಲಿ ಬಾರದಂಥ ಮಳೆ. ಅವಳು ಅಲ್ಲೇ ನಿಂತಿದ್ದಳು. ಫೋನು ರಿಂಗಣಿಸಿತು.

“ಏನಾಯ್ತೋ? ಸೋರ್ತಿದೆಯೇನೋ?”

ತಮ್ಮ ಫೋನನ್ನು ಮೇಲೆತ್ತಿ ಹಿಡಿದಿದ್ದನೆಂದು ತೋರುತ್ತದೆ. ತಗಡಿನ ಮೇಲೆ ಮಳೆಯ ಭೋರಾಟ ಕೇಳಿಸಿತು. ಅದರ ಅಡಿಯಲ್ಲಿ ಇನ್ನೊಂದು ಸದ್ದು, ಠಣ್, ಠಣ್ ಎಂದು. ನರ್ಸಮ್ಮ ಖಾಲಿ ಬಕೆಟುಗಳನ್ನು ಒಂದರೊಳಗೊಂದು ಇಡುತ್ತಿದ್ದರು. ಅವಳು ಎಣಿಸಿದಳು. ಹತ್ತು ಸಲ ಸದ್ದಾಯಿತು, ಅಲ್ಲಿಗೆ ಹನ್ನೊಂದೂ ಬಕೆಟು ಒಂದಾದವು, ಆಮೇಲೆ ಮಂಚದ ಚಕ್ರಗಳು ಉರುಳುವ ಸದ್ದು.

ಅವಳಿಗೆ ಅಳು ಬಂತು, ಮಳೆಯಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಏಳು ಊರಿಗೆ ಮಳೆಯ ಗಂಟೆ ಹೇಳಿದವಳು ತಾನು ಮಾತ್ರ ಕೊಡೆ ಮರೆತು ಅಡಿಯಿಂದ ಮುಡಿಯವರೆಗೆ ತೊಯ್ದಿದ್ದಳು.

ಕೆಳಗಿಳಿದಾಗ, ಮೊದಲೇ ಇಳಿದು ಹೋಗಿದ್ದ ಕಾವಲುಗಾರ ಬಾಗಿಲಲ್ಲೇ ಕಾಯುತ್ತಿದ್ದ.

“ಮೇಡಂ, ಕಾಲು ತಣ್ಣಗಾಗಿರುತ್ತೆ. ಹೀಟರ್ ಮುಂದೆ ಇಟ್ಟಿದ್ದೆ, ಈಗ ಚೆನ್ನಾಗಿ ಒಣಗಿದೆ,” ಎಂದು ಬೂದು ಕಾಲುಚೀಲದ ಒಂದು ಜೊತೆ ಮುಂದೆ ಹಿಡಿದ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಹಾಕಿಕೊಂಡಳು.