ಅಣ್ಣಯ್ಯನ ಆಣೆ

ಕ್ಷೌರದಂಗಡಿಯವನನ್ನು ಊರೆಲ್ಲ ಅಣ್ಣಯ್ಯ ಎಂದೇ ಕರೆಯುತ್ತಿತ್ತು. ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಅವನನ್ನು ಹುಡುಕಿಕೊಂಡು ಬಂದಳು. ಮಕ್ಕಳಿಗೆ ದಡಾರದ ಲಸಿಕೆ ಹಾಕಿಸಲು ತಾಯಂದಿರು ಒಪ್ಪಿದರೂ ಅಪ್ಪಂದಿರು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

"ನನ್ ಮಾತು ಯಾರ್ ಕೇಳ್ತಾರಮ್ಮ?"

"ಕತ್ತಿನ ಮೇಲೆ ಕತ್ತಿ ಇಟ್ರೂ ಕಣ್ಮುಚ್ಕೊಂಡು ಕೂತಿರ್ತಾರಲ್ಲ. ನಿಮ್ಮನ್ನ ನಂಬದೆ ಇನ್ಯಾರನ್ನ ನಂಬ್ತಾರೆ?"

ಅಂದಿನಿಂದ ಅಣ್ಣಯ್ಯ ಗಲ್ಲಕ್ಕೆ ನೊರೆ ಹಚ್ಚುತ್ತಲೇ ಲಸಿಕೆಯ ಮಾತು ತೆಗೆಯುತ್ತಿದ್ದ. ಒಂದೆರಡು ದಿನ ಜ್ವರ ಬರಬಹುದೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಆಟೋಗೆ ಮೈಕು ಕಟ್ಟಿ ಸುದ್ದಿ ಸಾರುವ ತಮ್ಮನನ್ನೂ ಜೊತೆಗೆ ಸೇರಿಸಿಕೊಂಡ. "ನಿನ್ ಮಗಳಿಗೆ ಹಾಕ್ಸಿದ್ಯಾ?" ಎಂದು ಕೇಳಿದ್ದಕ್ಕೆ ತಮ್ಮ, "ಹೂಂ, ಆಯ್ತಣ್ಣ" ಎಂದಿದ್ದ. ಯಾರಾದರೂ ಅನುಮಾನಪಟ್ಟರೆ ಅಣ್ಣಯ್ಯ, "ನಮ್ಮನೆ ಮಗೂಗೇ ಹಾಕ್ಸಿದೀವಿ ಕಣ್ರಿ, ಆಣೆಗೂ" ಎನ್ನುತ್ತಿದ್ದ. ಆ ಆಣೆ ನಂಬಿ ಎಷ್ಟೋ ಅಪ್ಪಂದಿರು ಮಕ್ಕಳನ್ನು ಎತ್ತಿಕೊಂಡು ಬಂದರು.

ಮರುವರ್ಷ ದಡಾರ ಹಬ್ಬಿತು. ಮೊದಲು ಮಲಗಿದವಳು ತಮ್ಮನ ನಾಲ್ಕು ವರ್ಷದ ಮಗಳು.

ಆಸ್ಪತ್ರೆಯ ವರಾಂಡದಲ್ಲಿ ನರ್ಸಮ್ಮ ರಿಜಿಸ್ಟರು ತಿರುವಿ ಹಾಕಿದಳು. "ಇಲ್ಲಿ ಹಾಕಿಲ್ಲ. ಬೇರೆ ಊರಲ್ಲಿ ಹಾಕ್ಸಿದೀವಿ ಅಂತ ನಿಮ್ ತಮ್ಮ ಬರೆಸಿದಾರೆ."

ಅಣ್ಣಯ್ಯ ತಮ್ಮನ ಮುಖ ನೋಡಿದ.

"ಎಲ್ಲೂ ಹಾಕ್ಸಿಲ್ಲ ಅಣ್ಣ. ಇರೋಳು ಒಬ್ಳೇ, ಏನಾದ್ರೂ ಆದ್ರೆ ಅಂತ ಭಯ. ಮೈಕಲ್ಲಿ ಹೇಳೋದು ಊರಿಗೆ, ಮನೆಗಲ್ಲ."

"ಊರಿನ್ ಮಕ್ಕಳಿಗೆ ಆದ್ರೆ ಪರ್ವಾಗಿಲ್ವಾ? ಹೋಗ್ಲಿ, ನನ್ ಹತ್ರನಾದ್ರೂ ನಿಜ ಹೇಳ್ಬಾರ್ದಿತ್ತಾ?"



ಮಗು ಉಳಿಯಿತು. ಒಂದು ಕಿವಿ ಮಾತ್ರ ಕೇಳಿಸದಾಯಿತು.

ಭಾನುವಾರ ಅಂಗಡಿ ತುಂಬಿದಾಗ ಅಣ್ಣಯ್ಯ ಕತ್ತಿ ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟ. "ನಾನ್ ಮಾಡಿದ್ದು ಸುಳ್ಳಾಣೆ. ನಂಗೂ ಗೊತ್ತಿರ್ಲಿಲ್ಲ. ಹಾಕ್ಸದೇ ಇದ್ದಿದ್ದಕ್ಕೇ ಅವಳ ಕಿವಿ ಹೋಯ್ತು."

"ನಿಮ್ಮನೆಯವ್ರೇ ನಿನ್ನ ನಂಬಲ್ಲ, ನಾವ್ಯಾಕೆ ನಂಬಬೇಕು?" ಎಂದು ಒಬ್ಬ ಅರ್ಧ ಬೋಳಿಸಿದ ಗಲ್ಲ ಒರೆಸಿಕೊಂಡು ಎದ್ದು ಹೋದ. ಇನ್ನೊಬ್ಬ ಮಾತ್ರ ಹೋಗುವಾಗ ಹತ್ತಿರ ಬಂದು, ಮುಂದಿನ ಲಸಿಕೆ ಯಾವತ್ತು ಎಂದು ಮೆಲ್ಲಗೆ ಕೇಳಿದ.

ಎರಡು ವಾರದ ಮೇಲೆ ತಮ್ಮ ಬಂದು ಕುರ್ಚಿಯಲ್ಲಿ ಕೂತ. ಅಣ್ಣ ಅಂಗಡಿ ಇಟ್ಟಾಗಿನಿಂದ ಅವನ ತಲೆಗೆ ಬೇರೆಯವರು ಕತ್ತರಿ ತಾಗಿಸಿರಲಿಲ್ಲ.

"ಏಳು," ಎಂದ ಅಣ್ಣಯ್ಯ. "ಬೇರೆ ಅಂಗಡಿ ನೋಡ್ಕೋ."